ಮಾತೃಭಾಷೆಯ ಕಾಲಂ

ಇದನ್ನು ಬರೆಯುತ್ತೇನೆಂದು ಮಾತು ಕೊಟ್ಟು ಎರಡು ವರ್ಷವಾಯಿತು. ಮೊದಲು ಕನ್ನಡಕ ಬದಲಾಯಿಸಬೇಕು ಎಂದೆ. ಬದಲಾಯಿಸಿದೆ. ಆಮೇಲೆ ಓಣಂ ಮುಗಿಯಲಿ ಎಂದೆ. ಎರಡು ಓಣಂ ಮುಗಿದವು. ಮೊಣಕಾಲು ನೋವೆಂದು ಒಂದು ಮಳೆಗಾಲವಿಡೀ ಪೆನ್ನು ಮುಟ್ಟಲಿಲ್ಲ. ಬರೆಯುವುದು ಮೊಣಕಾಲಿನಿಂದಲ್ಲ ಎಂದು ಹೆಂಡತಿ ನೆನಪಿಸಬೇಕಾಯಿತು. ಹೋದ ತಿಂಗಳು ಎರ್ನಾಕುಲಂ ಪಕ್ಕದ ಕಾಕ್ಕನಾಡಿನ ಐಟಿ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು: ತಿರುವನಂತಪುರದಲ್ಲಿ ಅಕ್ಕೋರು ತೀರಿಕೊಂಡರು. ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಒಬ್ಬ ಅವಸರದಲ್ಲಿ ಹುಟ್ಟುಹಬ್ಬದ ಕೇಕು ಒತ್ತಿ, ಗಾಬರಿಯಿಂದ ಅಳಿಸಿದ. ಅಕ್ಕೋರು ನೋಡಿದ್ದರೆ ಅದೊಂದನ್ನೇ ಇಟ್ಟುಕೊಂಡು ಉಳಿದದ್ದನ್ನು ಅಳಿಸಿ ಎನ್ನುತ್ತಿದ್ದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆಯಬೇಡಿ ಎಂದವರು ಅವರೇ. ಅವರು ಬೆಳಗಾವಿ ಕಡೆಯವರು. ಆ ಕಡೆ ಟೀಚರಮ್ಮನನ್ನು ಅಕ್ಕೋರು ಎನ್ನುತ್ತಾರೆ. ಇವರು ಟೀಚರಾಗಿರಲಿಲ್ಲ, ಆದರೆ ಎದುರಿಗೆ ನಿಂತವನಿಗೆ ಹೋಂವರ್ಕ್ ಮಾಡಿಲ್ಲವೆಂಬ ಭಯ ತಾನಾಗಿಯೇ ಬರುತ್ತಿತ್ತು. ಮದುವೆಯಾಗಿರಲಿಲ್ಲ. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ, ಮನೆಮನೆಯಿಂದ ತುಂಬಿಸಿ ತಂದ ಫಾರಂಗಳನ್ನು ತಿದ್ದುವ ಕೆಲಸ. ಮನೆಯಲ್ಲಿ ಎಷ್ಟು ಜನ, ಎಲ್ಲಿಂದ ಬಂದರು, ಯಾವ ಭಾಷೆ ಆಡುತ್ತಾರೆ, ಇಂಥವು. ಕೇರಳಕ್ಕೆ ವರ್ಗವಾಗಿ ಬಂದು ಎರ್ನಾಕುಲಂನ ನಮ್ಮ ಕನ್ನಡ ಸಂಘದ ಮೆಟ್ಟಿಲು ಹತ್ತಿದಾಗ ಅವರಿಗೆ ನಲವತ್ತು ದಾಟಿತ್ತು. ಜೋಕು ಹೇಳುವ ಮೊದಲೇ ತಾವೇ ನಗುತ್ತಿದ್ದರು. ಮೊಸರನ್ನದ ಜೊತೆ ಹಸಿಮೆಣಸಿನಕಾಯಿಯನ್ನು ನಾವು ಸೌತೆಕಾಯಿ ತಿಂದಂತೆ ಕಡಿಯುತ್ತಿದ್ದರು.

ನಾನು ಅದೇ ಊರಿನ ಒಂದು ಬ್ಯಾಂಕಿನಲ್ಲಿ ಅಟೆಂಡರ್ ಆಗಿದ್ದೆ. ಊರು ಚಿಂತಾಮಣಿ ಕಡೆ. ಎಸ್ಸೆಸ್ಸೆಲ್ಸಿ ಪಾಸು, ಗಣಿತದಲ್ಲಿ ಕೃಪಾಂಕ. ಬ್ಯಾಂಕಿನಲ್ಲಿ ಮ್ಯಾನೇಜರರಿಗೆ ಚಹಾ ತಂದುಕೊಡುವವನು, ತಿಂಗಳ ಎರಡನೇ ಭಾನುವಾರ ಸಂಘದಲ್ಲಿ ಅದೇ ಮ್ಯಾನೇಜರರ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದೆ. ಅಕ್ಷರ ದುಂಡಗಿದೆ ಎಂದು ನನ್ನನ್ನು ಸದಸ್ಯತ್ವ ಪರಿಶೀಲಕನನ್ನಾಗಿ ಮಾಡಿದ್ದರು. ಬಂದ ಅರ್ಜಿ ನೋಡಿ, ಸರಿ ಇದ್ದರೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುವುದು. ನನ್ನ ಜೀವನದಲ್ಲಿ ನನಗೆ ಸಿಕ್ಕ ಅಧಿಕಾರ ಅಷ್ಟೇ. ಅದನ್ನು ಪೂರಾ ಉಪಯೋಗಿಸಿದೆ. ಅಕ್ಕೋರು ನನ್ನನ್ನು ‘ಶಿರಸ್ತೇದಾರ್ರ’ ಎಂದು ಕರೆಯುತ್ತಿದ್ದರು. ಗೌರವವೆಂದೇ ನಾನು ಬಹಳ ದಿನ ತಿಳಿದಿದ್ದೆ.

ಸಂಘ ಇದ್ದದ್ದು ಹೊಲಿಗೆ ಅಂಗಡಿಯೊಂದರ ಮಹಡಿಯಲ್ಲಿ. ಚಪ್ಪಲಿಗಳನ್ನು ಮೆಟ್ಟಿಲ ಮೇಲೆ ಬಿಡಬೇಕು. ಅಕ್ಕೋರು ಯಾವಾಗಲೂ ಸ್ವಲ್ಪ ತಡವಾಗಿ ಬಂದು, ಮೆಟ್ಟಿಲ ಮೇಲೆ ನಿಂತು ಚಪ್ಪಲಿ ನೋಡುತ್ತಿದ್ದರು. ಪಾಲಿಶ್ ಹಾಕಿದ ಬೂಟು ಹೆಚ್ಚಿದ್ದರೆ ಇವತ್ತು ಹೊಸದೇನೂ ಪಾಸಾಗುವುದಿಲ್ಲ. ಹೆಂಗಸರ ಚಪ್ಪಲಿ ಹೆಚ್ಚಿದ್ದರೆ ಊಟ ಬೇಗ ಶುರುವಾಗುತ್ತದೆ. ಒಳಗೆ ಹೋಗದೆಯೇ ತೀರ್ಮಾನ ಹೇಳಿಬಿಡುತ್ತಿದ್ದರು, ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತಿತ್ತು.

“ಕಾನೂನು ಪುಸ್ತಕದಾಗ ಇರೂದಿಲ್ರಿ ಶಿರಸ್ತೇದಾರ್ರ,” ಎನ್ನುತ್ತಿದ್ದರು. “ಮೆಟ್ಟಲ ಮ್ಯಾಲ ಇರ್ತೈತಿ.”

ಇದು ತಮಾಷೆಯಾಗಿ ಕೇಳುತ್ತದೆ, ಆದರೆ ನಮ್ಮ ಸಂಘದ ಚರಿತ್ರೆಯೇ ಹಾಗಿತ್ತು. ಶುರು ಮಾಡಿದವರು ಕರಾವಳಿಯ ಬ್ಯಾಂಕಿನವರು. ಸಂಸಾರ ಊರಲ್ಲಿ ಬಿಟ್ಟು ಬಂದ ಗಂಡಸರು. ಆದ್ದರಿಂದ ಮನೆಗೊಂದು ವೋಟು, ಅದೂ ಯಜಮಾನನದು ಎಂದು ನಿಯಮ. ಹಬ್ಬದೂಟ ನೀರುದೋಸೆ, ಕಡುಬು. ತಮ್ಮತಮ್ಮಲ್ಲಿ ಅವರು ಆಡುತ್ತಿದ್ದದ್ದು ತುಳು. ಆಮೇಲೆ ಮೈಸೂರು, ಬೆಂಗಳೂರು, ಕೋಲಾರದ ಕಡೆಯಿಂದ ವರ್ಗವಾಗಿ ಬಂದವರು ಜಾಸ್ತಿಯಾದರು. ಬಿಸಿಬೇಳೆಬಾತು ಬಂತು. ಅದರ ಹಿಂದೆಯೇ ಹೊಸ ನಿಯಮವೂ ಬಂತು: ಮತ ಹಾಕುವ ಸದಸ್ಯರ ಮಾತೃಭಾಷೆ ಕನ್ನಡವಾಗಿರಬೇಕು. ಕರಾವಳಿಯವರನ್ನು ಕಮಿಟಿಯಿಂದ ಕೆಳಗಿಳಿಸಲು ಮಾಡಿದ ನಿಯಮವೆಂದು ಎಲ್ಲರಿಗೂ ಗೊತ್ತಿತ್ತು, ಭಾಷಾಭಿಮಾನವೆಂದು ಎಲ್ಲರೂ ಹೇಳಿದೆವು. ಅವರಲ್ಲಿ ಅರ್ಧ ಜನ ಮುನಿಸಿಕೊಂಡು ಹೋದರು. ಉಳಿದವರೆಲ್ಲ ಹೊಸ ಅರ್ಜಿ ತುಂಬಿದೆವು. ನಾನೂ ತುಂಬಿದೆ. ಮಾತೃಭಾಷೆಯ ಕಾಲಮಿನಲ್ಲಿ ‘ಕನ್ನಡ’ ಎಂದು ದುಂಡಗೆ ಬರೆದೆ. ಪರಿಶೀಲಕ ನಾನೇ ಆದ್ದರಿಂದ ನನ್ನ ಅರ್ಜಿಯನ್ನು ನಾನೇ ಪರಿಶೀಲಿಸಿ, ನಾನೇ ಕೆಂಪು ಗುರುತು ಹಾಕಿದೆ.

ನಮ್ಮ ಮನೆಮಾತು ತೆಲುಗು. ಸ್ಕೂಲು, ಅಂಗಡಿ, ಜಗಳ, ಎಲ್ಲ ಕನ್ನಡದಲ್ಲೇ. ಆದರೆ ಬಾಗಿಲ ಒಳಗೆ ತೆಲುಗು. ನಮ್ಮ ಕಡೆ ಅದೇನೂ ದೊಡ್ಡ ಸಂಗತಿಯಲ್ಲ, ಯಾರೂ ಕೇಳುವುದೂ ಇಲ್ಲ. ಕೇರಳಕ್ಕೆ ಬಂದ ಮೇಲೆ ಅದನ್ನು ಕೇಳುವ ಕಾಲಂ ಒಂದು ಹುಟ್ಟಿತು, ಅದರ ಕಾವಲುಗಾರ ನಾನಾದೆ.

ಅಕ್ಕೋರು ಸಂಘ ಸೇರಲು ಬಂದದ್ದು ಇದಾದ ಒಂದೆರಡು ವರ್ಷಕ್ಕೆ. ನಮ್ಮ ಫಾರಮಿನಲ್ಲಿ ‘ಯಜಮಾನರ ಹೆಸರು’ ಎಂದಿತ್ತು. ಅಲ್ಲಿ ತಮ್ಮ ಹೆಸರನ್ನೇ ಬರೆದರು. ‘ಯಜಮಾನರೊಂದಿಗೆ ಸಂಬಂಧ’ ಎಂಬಲ್ಲಿ ‘ಸದ್ಯಕ್ಕೆ ಚೆನ್ನಾಗಿದೆ’ ಎಂದು ಬರೆದರು. ಮಾತೃಭಾಷೆಯ ಕಾಲಮಿನಲ್ಲಿ ‘ಎರಡು’ ಎಂದು ಬರೆದರು. ಯಜಮಾನನಿಲ್ಲದ ಹೆಂಗಸಿಗೆ ವೋಟು ಕೊಡಬಹುದೇ ಎಂಬ ಗಲಾಟೆಯಲ್ಲಿ ಆ ಮೂರನೆಯದನ್ನು ಯಾರೂ ನೋಡಲಿಲ್ಲ. ನಾನು ನೋಡಿದೆ. ಗುರುತು ಹಾಕಿ ಫೈಲಿಗೆ ಸೇರಿಸಿದೆ. ಅಷ್ಟರಲ್ಲಿ ಬ್ಯಾಂಕುಗಳಿಗೆ ಹೆಣ್ಣುಮಕ್ಕಳು ಒಬ್ಬೊಬ್ಬರೇ ವರ್ಗವಾಗಿ ಬರತೊಡಗಿದ್ದರು. ಅಕ್ಕೋರು ಅವರನ್ನೆಲ್ಲ ಕರೆತಂದರು. ಒಂದು ಭಾನುವಾರ ಮೆಟ್ಟಿಲ ಮೇಲೆ ಗಂಡಸರ ಬೂಟಿಗೆ ಜಾಗವೇ ಇರಲಿಲ್ಲ. ಯಜಮಾನನ ನಿಯಮ ಅವತ್ತೇ ಬಿದ್ದುಹೋಯಿತು. ಆ ವರ್ಷದ ಹಬ್ಬಕ್ಕೆ ಜೋಳದ ರೊಟ್ಟಿ ಬಂತು. ಜೋಳದ ಹಿಟ್ಟನ್ನು ಹುಬ್ಬಳ್ಳಿಯ ರೈಲಿನಲ್ಲಿ ತರಿಸಿದ್ದರು.

ನವೆಂಬರ್ ಒಂದಕ್ಕೆ ನಾವು ರಾಜ್ಯೋತ್ಸವದ ಬಾವುಟ ಹಿಡಿದು ಹೊರಟರೆ ಎದುರಿಗೆ ಮಲಯಾಳಿಗಳು ಕೇರಳ ಪಿರವಿಯ ಸಂಭ್ರಮದಲ್ಲಿ ಬಿಳಿ ಮುಂಡು ಉಟ್ಟು ಬರುತ್ತಿದ್ದರು. ಎರಡೂ ರಾಜ್ಯ ಹುಟ್ಟಿದ್ದು ಒಂದೇ ದಿನ. ನಮ್ಮ ಅಧ್ಯಕ್ಷರಿಗೆ, ಅವರೂ ಬ್ಯಾಂಕ್ ಮ್ಯಾನೇಜರರೇ, ಇದು ಪ್ರತಿ ವರ್ಷವೂ ಅವಮಾನವೆನಿಸುತ್ತಿತ್ತು. ಸೂಲಗಿತ್ತಿ ಒಬ್ಬಳೇ ಇದ್ದಳು, ಅವಳಿಗೂ ಮನೆಗೆ ಹೋಗುವ ಅವಸರವಿತ್ತು ಎಂದು ಅಕ್ಕೋರು ಅವರನ್ನು ಸಮಾಧಾನ ಮಾಡುತ್ತಿದ್ದರು.

ಮೀಟಿಂಗ್ ಮುಗಿದ ಮೇಲೆ ಕೆಲವು ಸಲ ಬಸ್ ನಿಲ್ದಾಣದವರೆಗೆ ಜೊತೆಯಲ್ಲಿ ನಡೆಯುತ್ತಿದ್ದೆವು. ದಾರಿಯುದ್ದಕ್ಕೂ ಅವರದು ಒಂದೇ ಕೆಲಸ, ಎಣಿಸುವುದು. ಕ್ಷೌರದಂಗಡಿಯ ಬೋರ್ಡು ಹಿಂದಿಗೆ ತಿರುಗಿದ್ದು, ಕಟ್ಟಡ ಕೆಲಸದ ಜಾಗದಲ್ಲಿ ಹೆಲ್ಮೆಟ್ ಹಾಕಿ ಎಂಬುದು ಬಂಗಾಳಿಯಲ್ಲೂ ಬಂದದ್ದು, ಚಹಾ ಅಂಗಡಿಯ ಚೇಟ್ಟ, ಅಣ್ಣ ಅನ್ನಿ, ಅರವತ್ತನೇ ವಯಸ್ಸಿನಲ್ಲಿ ‘ಭಾಯಿ, ಚೀನಿ ಕಮ್?’ ಎಂದು ಕಲಿತದ್ದು. ಅದೇ ಚೇಟ್ಟ ಹತ್ತು ವರ್ಷದ ಹಿಂದೆ ಇವರು ಹಿಂದಿಯಲ್ಲಿ ಚಹಾ ಕೇಳಿದಾಗ ಮುಖ ತಿರುಗಿಸಿದ್ದನಂತೆ.

“ಯಾರು ಮೊದಲ ಬಂದ್ರು ಅಂತ ಯಾರೂ ಕೇಳೂದಿಲ್ರಿ,” ಎಂದಿದ್ದರು. “ಎಷ್ಟ ಮಂದಿ ಬಂದ್ರು ಅಂತ ಕೇಳ್ತಾರ. ಆಮ್ಯಾಲ ನಮ್ಮ ಸಂಪ್ರದಾಯನ ಹಿಂಗ ಇತ್ತು ಅಂತಾರ.”

ಇನ್ನೊಂದು ಸಲ, ಏನೂ ಸಂದರ್ಭವಿಲ್ಲದೆ, ಫಾರಂ ತಿದ್ದಿ ತಿದ್ದಿ ತಮಗೆ ಒಂದು ಮಾತು ಗೊತ್ತಾಗಿದೆ ಎಂದರು. ಜನ ಸುಳ್ಳು ಬರೆಯುವುದು ಎರಡೇ ಕಾಲಮಿನಲ್ಲಿ, ಒಂದು ವಯಸ್ಸು, ಇನ್ನೊಂದು ಮಾತೃಭಾಷೆ. ವಯಸ್ಸಿನದು ಆಸೆಗೆ, ಭಾಷೆಯದು ಹೆದರಿಕೆಗೆ. ನಾನು ಬಸ್ಸು ಬಂತು ಎಂದೆ. ಬಂದಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ಇರಲು ಬಂದಳು. ಕಲೂರಿನ ಬಾಡಿಗೆ ಮನೆ. ಮೊಮ್ಮಕ್ಕಳು ಮಲಯಾಳದಲ್ಲಿ ಮಾತಾಡುತ್ತಿದ್ದರು, ಅಮ್ಮ ತೆಲುಗಿನಲ್ಲಿ. ಅವರ್ಯಾರಿಗೂ ಏನೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ನನಗೆ. ಯುಗಾದಿ ಊಟಕ್ಕೆ ಸಂಘಕ್ಕೆ ನಾನೂ ಬರುತ್ತೇನೆ ಎಂದು ಅಮ್ಮ ಹಟ ಹಿಡಿದಳು. ಅವಳಿಗೆ ಕನ್ನಡ ಬರುತ್ತಿತ್ತು, ಆದರೆ ಬಾಯಿ ತೆರೆದರೆ ಎರಡನೇ ಮಾತು ತೆಲುಗಿಗೆ ಜಾರುತ್ತಿತ್ತು. ಅಲ್ಲಿ ದೊಡ್ಡದೊಡ್ಡ ಸಾಹೇಬರು ಇರುತ್ತಾರೆ, ಸುಮ್ಮನೆ ಕೂತು ಊಟ ಮಾಡು, ಮಾತಾಡಬೇಡ ಎಂದು ಅವಳಿಗೆ ಹೇಳಿದೆ. ಸಂಘದಲ್ಲಿ ಮೊದಲೇ ಹೋಗಿ, ನಮ್ಮ ತಾಯಿಗೆ ಕಿವಿ ಕೇಳುವುದಿಲ್ಲ, ಮಾತೂ ಅಷ್ಟಕ್ಕಷ್ಟೇ ಎಂದು ಎಲ್ಲರಿಗೂ ತಿಳಿಸಿದೆ. ಅಧ್ಯಕ್ಷರ ಹೆಂಡತಿ ಅಯ್ಯೋ ಪಾಪ ಎಂದರು. ಇಂಥ ತಾಯಿಯನ್ನು ಕಾಪಾಡಿಕೊಂಡು ಬರುತ್ತಿದ್ದೀರಲ್ಲ ಎಂದರು. ನಾನು ತಲೆ ತಗ್ಗಿಸಿ ಆ ಹೊಗಳಿಕೆಯನ್ನೂ ತೆಗೆದುಕೊಂಡೆ.

ಪಂಕ್ತಿಯಲ್ಲಿ ಅಮ್ಮನ ಪಕ್ಕ ಅಕ್ಕೋರು ಕೂತರು. ನಾನು ಎದುರು ಸಾಲಿನಲ್ಲಿದ್ದೆ. ಬಡಿಸುವವರು ಅಮ್ಮನ ಕಿವಿಯ ಹತ್ತಿರ ಬಾಗಿ ‘ಒಬ್ಬಟ್ಟು, ಒಬ್ಬಟ್ಟು’ ಎಂದು ಕೂಗುತ್ತಿದ್ದರು. ಅವಳು ಬೆಚ್ಚಿ, ಬಾಯೊಳಗೇ ತೆಲುಗಿನ ‘ಅಮ್ಮೋ’ ಎನ್ನುತ್ತಿದ್ದಳು. ತುಪ್ಪದವನು ಅವಳ ಎಲೆ ಬಿಟ್ಟು ಮುಂದೆ ಹೋದ. ಒಬ್ಬಟ್ಟಿಗೆ ತುಪ್ಪವಿಲ್ಲದೆ ಅಮ್ಮ ಕೈ ಹಾಕುವವಳಲ್ಲ. ಕೈ ಕಟ್ಟಿ ಕೂತಳು. ಆಗ ಅಕ್ಕೋರು ಅವಳ ಕಡೆ ಬಾಗಿ, ಮೆಲ್ಲನೆಯ ದನಿಯಲ್ಲಿ, “ನೆಯ್ಯಿ ಕಾವಾಲಾ ಅಮ್ಮಾ?” ಎಂದರು. ತುಪ್ಪ ಬೇಕೇನಮ್ಮಾ ಎಂದು. ಮೊದಲ ಕೆಲಸದಲ್ಲಿ ಅವರು ನಾಲ್ಕು ವರ್ಷ ತೆಲುಗು ನಾಡಿನ ಗುಂತಕಲ್ಲಿನಲ್ಲಿ ಇದ್ದವರು, ನನಗೆ ಗೊತ್ತಿರಲಿಲ್ಲ.

ಅಮ್ಮ ಅವರ ಕಡೆ ತಿರುಗಲಿಲ್ಲ. ನನ್ನ ಮುಖ ನೋಡಿದಳು. ಅವಳಿಗೆ ನಾನು ಕಿವುಡಿನ ವಿಷಯ ಹೇಳಿಯೇ ಇರಲಿಲ್ಲ. ಆದರೂ ನನ್ನ ಮುಖದಲ್ಲಿ ಏನು ಕಂಡಳೋ. ಕೇಳಿಸಲೇ ಇಲ್ಲ ಎಂಬಂತೆ ಮುಂದೆ ನೋಡುತ್ತಾ ಒಣ ಒಬ್ಬಟ್ಟನ್ನು ಮುರಿದು ತಿಂದಳು. ಅಕ್ಕೋರು ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ತಮ್ಮ ಒಬ್ಬಟ್ಟಿನ ಮೇಲಿದ್ದ ತುಪ್ಪವನ್ನು ಬೆರಳಲ್ಲಿ ಅವಳ ಎಲೆಗೆ ದೂಡಿದರು.

ಮನೆಗೆ ಬಂದ ಮೇಲೆ ಅಮ್ಮ ಸೀರೆ ಮಡಿಸುತ್ತಾ, ನನಗೆ ಯಾವಾಗ ಕಿವುಡು ಬಂತಪ್ಪಾ ಎಂದು ತೆಲುಗಿನಲ್ಲಿ ಕೇಳಿದಳು. ಸಿಟ್ಟಿನಲ್ಲಿ ಅಲ್ಲ, ಬಸ್ಸು ಯಾವಾಗ ಎಂದು ಕೇಳಿದಂತೆ. ನಾನು ಸ್ನಾನಕ್ಕೆ ಹೋದೆ. ಹದಿನೈದು ದಿನದಲ್ಲಿ ಊರಿಗೆ ಹೊರಟಳು. ಮತ್ತೆ ಬರಲಿಲ್ಲ.

ಅದೇ ವರ್ಷ ಅಕ್ಕೋರು ತಿದ್ದುಪಡಿ ತಂದರು. ಕಾಕ್ಕನಾಡಿನ ಐಟಿ ಕಂಪನಿಗಳಿಗೆ ನಮ್ಮ ರಾಜ್ಯದ ಹುಡುಗ ಹುಡುಗಿಯರು ತುಂಬಾ ಬಂದಿದ್ದರು. ಒಬ್ಬನ ಮನೆಯಲ್ಲಿ ಬ್ಯಾರಿ, ಒಬ್ಬಳ ಮನೆಯಲ್ಲಿ ಕೊಂಕಣಿ, ಉರ್ದು, ಕೊಡವ, ಲಂಬಾಣಿ. ಎಲ್ಲರೂ ಕನ್ನಡ ಶಾಲೆಯಲ್ಲಿ ಓದಿದವರು, ನಮ್ಮ ಮಕ್ಕಳಿಗಿಂತ ಸಾವಿರ ಪಾಲು ಚೆನ್ನಾಗಿ ಕನ್ನಡ ಆಡುವವರು. ಸಭೆಗೆ ಬಂದು ಕುರ್ಚಿ ಜೋಡಿಸುತ್ತಿದ್ದರು, ಊಟ ಬಡಿಸುತ್ತಿದ್ದರು, ವೋಟು ಮಾತ್ರ ಇರಲಿಲ್ಲ. ಮಾತೃಭಾಷೆ ಎಂಬ ಪದ ತೆಗೆದು, ‘ಕನ್ನಡ ಬೇಕೆನ್ನುವವರು’ ಎಂದು ಹಾಕೋಣ ಎಂದರು ಅಕ್ಕೋರು. ಮತ ಹಾಕುವವರು ಹತ್ತೊಂಬತ್ತು ಜನ. ಸಂಘ ಉಳಿಯುತ್ತದೋ ಇಲ್ಲವೋ ಎಂಬುದು ಆ ಮತದ ಮೇಲೆ ನಿಂತಿತ್ತು. ಬೂಟಿನವರು ಒಂಬತ್ತು, ಉಳಿದವರು ಹತ್ತು. ಮೆಟ್ಟಿಲು ನೋಡಿ ಅವರೇ ಲೆಕ್ಕ ಹೇಳಿದ್ದರು.

ನಾನು ಬೂಟಿನವರ ಕಡೆ. ಕಾಲಲ್ಲಿದ್ದದ್ದು ಹವಾಯಿ ಚಪ್ಪಲಿ. ಯಾರು ಬೇಕಾದರೂ ಬರಬಹುದಾದರೆ ಪರಿಶೀಲಕ ಯಾಕೆ ಬೇಕು? ಅದಕ್ಕಿಂತ, ಯಾರ ಮನೆಯಲ್ಲಿ ಯಾವ ಭಾಷೆ ಎಂಬ ಚರ್ಚೆ ಶುರುವಾದರೆ ಅದು ಎಲ್ಲಿ ಹೋಗಿ ನಿಲ್ಲುತ್ತದೆ? ಅವತ್ತು ಪಂಕ್ತಿಯಲ್ಲಿ ನನ್ನನ್ನು ನೋಡಿದ ಹೆಂಗಸು ಅವತ್ತಿನಿಂದ ಒಂದು ಮಾತೂ ಎತ್ತಿರಲಿಲ್ಲ. ಅದೇ ನನಗೆ ಹೆದರಿಕೆ. ಸಭೆಗೆ ಎರಡು ದಿನ ಮೊದಲು ಫೈಲಿನಿಂದ ಅವರ ಅರ್ಜಿ ಹುಡುಕಿ ತೆಗೆದು, ‘ಎರಡು’ ಎಂಬುದರ ಕೆಳಗೆ ಗೆರೆ ಎಳೆದು, ಅಧ್ಯಕ್ಷರ ಮನೆಗೆ ಹೋಗಿ ಕೊಟ್ಟೆ. ಬೆಳಗಾವಿಯವರಲ್ಲವೇ, ಇವರ ಮನೆಮಾತು ಮರಾಠಿ ಸರ್ ಎಂದೆ. ಅಧ್ಯಕ್ಷರು ನನ್ನ ನಿಷ್ಠೆಯನ್ನು ಮೆಚ್ಚಿ, ತಾವೇ ಚಹಾ ತಂದುಕೊಟ್ಟರು. ಜೀವನದಲ್ಲಿ ಒಬ್ಬ ಮ್ಯಾನೇಜರ್ ನನಗೆ ಚಹಾ ಕೊಟ್ಟದ್ದು ಅದೊಂದೇ ಸಲ.

ಸಭೆಯಲ್ಲಿ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಒಬ್ಬ ಸದಸ್ಯರ ಮಾತೃಭಾಷೆಯ ಬಗ್ಗೆ ಪರಿಶೀಲಕರಿಂದ ಆಕ್ಷೇಪ ಬಂದಿದೆ ಎಂದರು. ಅರ್ಜಿ ಓದಿದರು. ಸಭೆ ಅಕ್ಕೋರ ಕಡೆ ತಿರುಗಿತು. ಅವರು ನನ್ನ ಕಡೆ ತಿರುಗಿದರು.

“ಖರೆ ಐತ್ರಿ. ನಮ್ಮವ್ವ ಮರಾಠಿ ಮಾತಾಡ್ತಿದ್ಲು, ಅಪ್ಪ ಕನ್ನಡ. ಯಾರನ್ನ ಬಿಡ್ಲಿ ಅಂತ ಎರಡೂ ಬರದೆ,” ಎಂದರು. “ಆದ್ರ ನನ್ನೊಬ್ಬಾಕಿನ್ನ ಯಾಕ ಕೇಳ್ತೀರಿ? ಶಿರಸ್ತೇದಾರ್ರನ್ನ ಕೇಳ್ರಿ, ಇಲ್ಲೆ ಮತ್ತ ಯಾರಾರ ಅದಾರೇನು ಅಂತ.”

ಅಧ್ಯಕ್ಷರು ನನ್ನನ್ನು ಕೇಳಿದರು. ಪರಿಶೀಲಕರೇ, ಬೇರೆ ಯಾರಾದರೂ ಇದ್ದಾರೆಯೇ? ಎಲ್ಲರ ಎದುರಿಗೆ ಎದ್ದು ನಿಂತೆ.

“ಇಲ್ಲ ಸರ್,” ಎಂದೆ.

ಅಕ್ಕೋರು ಒಂದೇ ಮಾತು ಆಡಿದ್ದರೆ ಸಾಕಿತ್ತು. ಯುಗಾದಿಯ ಪಂಕ್ತಿಯಲ್ಲಿ ಕೂತಿದ್ದವರೆಲ್ಲ ಅಲ್ಲೇ ಇದ್ದರು. ಅವರು ಚೀಲ ಎತ್ತಿಕೊಂಡರು. “ಶಿರಸ್ತೇದಾರ್ರು ಇಲ್ಲ ಅಂದ್ರ ಇಲ್ಲ,” ಎಂದು ನಕ್ಕು, ಮೆಟ್ಟಿಲಿಳಿದು ಹೋದರು. ಆಮೇಲೆ ಮತ ಒಂಬತ್ತಕ್ಕೆ ಒಂಬತ್ತಾಯಿತು. ಅಧ್ಯಕ್ಷರು ತಮ್ಮ ನಿರ್ಣಾಯಕ ಮತವನ್ನು ವಿರುದ್ಧವಾಗಿ ಹಾಕಿದರು. ನಾವು ಚಪ್ಪಾಳೆ ತಟ್ಟಿದೆವು.

ಹುಡುಗರು ಸಿಟ್ಟು ಮಾಡಿಕೊಳ್ಳಲಿಲ್ಲ. ಒಂದು ವಾಟ್ಸಾಪ್ ಗುಂಪು ಮಾಡಿಕೊಂಡರು, ಅಷ್ಟೇ. ಅದಕ್ಕೆ ನಿಯಮಾವಳಿಯೂ ಇಲ್ಲ, ಅಧ್ಯಕ್ಷರೂ ಇಲ್ಲ. ರಾಜ್ಯೋತ್ಸವಕ್ಕೆ ನಮ್ಮಲ್ಲಿ ಹನ್ನೊಂದು ಜನ ಸೇರಿದ ವರ್ಷ ಅವರಲ್ಲಿ ಇನ್ನೂರು ಜನ ಸೇರಿದ್ದರಂತೆ. ಬ್ಯಾಂಕುಗಳ ಬೂಟಿನವರು ನಿವೃತ್ತರಾಗಿ ಒಬ್ಬೊಬ್ಬರೇ ಮೈಸೂರು, ಬೆಂಗಳೂರಿಗೆ ಹೊರಟುಹೋದರು. ಕೊನೆಗೆ ಸಂಘದಲ್ಲಿ ಆರು ಜನ ಉಳಿದಾಗ, ಕೋರಂ ಆಗುವುದಿಲ್ಲವೆಂದು ಮಾತೃಭಾಷೆಯ ನಿಯಮ ತೆಗೆದುಹಾಕಿದೆವು. ಸೂಚಿಸಿದವನು ನಾನು. ಚರ್ಚೆಯೇ ಆಗಲಿಲ್ಲ. ಆಗಲೂ ಯಾರೂ ಸೇರಲು ಬರಲಿಲ್ಲ. ಆ ಹುಡುಗರೇ ಒಂದು ದಿನ ಕರುಣೆಯಿಂದ ನನ್ನನ್ನು ತಮ್ಮ ಗುಂಪಿಗೆ ಸೇರಿಸಿದರು. ನನ್ನ ಭಾಷೆ ಯಾವುದೆಂದು ಕೇಳಲಿಲ್ಲ.

ಅಕ್ಕೋರು ಅಷ್ಟರಲ್ಲಿ ತಿರುವನಂತಪುರಕ್ಕೆ ವರ್ಗವಾಗಿ, ನಿವೃತ್ತಿಯಾದ ಮೇಲೆ ಅಲ್ಲೇ ಪಟ್ಟಂನ ಒಂದು ಫ್ಲಾಟಿನಲ್ಲಿ ಉಳಿದಿದ್ದರು. ಎರಡು ವರ್ಷದ ಹಿಂದೆ ಬೆಳಗಿನ ರೈಲು ಹಿಡಿದು ಅವರನ್ನು ನೋಡಲು ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಕೆಳಗೆ ಲಿಫ್ಟಿನ ಪಕ್ಕ ಫ್ಲಾಟಿನವರ ನೋಟೀಸು ಮೂರು ಭಾಷೆಯಲ್ಲಿ ಅಂಟಿಸಿತ್ತು. ಬಾಗಿಲು ತೆಗೆದವಳು ಒಡಿಶಾದ ಹೆಣ್ಣುಮಗಳು, ಅಕ್ಕೋರನ್ನು ನೋಡಿಕೊಳ್ಳುವವಳು. ಅವಳು ಯಾರೆಂದು ಮಲಯಾಳದಲ್ಲಿ ಕೇಳಿದಳು, ಅಕ್ಕೋರು ಒಳಗಿನಿಂದ ಹಿಂದಿಯಲ್ಲಿ ಬರಲಿ ಬಿಡು ಎಂದರು, ನಾನು ಕನ್ನಡದಲ್ಲಿ ನಮಸ್ಕಾರ ಎಂದೆ. ಅಕ್ಕಿಹಿಟ್ಟಿನ ಪುಟ್ಟು ಬಂತು, ಜೊತೆಗೆ ಕಡಲೆಕರಿಯ ಬದಲು ಶೇಂಗಾ ಚಟ್ನಿ. ಅವರು ತುಂಬಾ ಇಳಿದುಹೋಗಿದ್ದರು. ನಗು ಮಾತ್ರ ಮಾತಿಗಿಂತ ಮೊದಲೇ ಬರುತ್ತಿತ್ತು.

ಆವತ್ತಿನ ಸಭೆಯ ಬಗ್ಗೆ ನಿಮ್ಮಲ್ಲಿ ಕ್ಷಮೆ ಕೇಳಲು ಬಂದೆ ಅಕ್ಕೋರೇ ಎಂದೆ. ಬಾಯಿಪಾಠ ಮಾಡಿದ್ದು ಅಷ್ಟಕ್ಕೇ ನಿಂತಿತು.

“ನನಗೇನಾತ್ರಿ?” ಎಂದರು. “ನಾ ಕೆಳಗ ಇಳದೆ, ಚಹಾ ಕುಡದೆ, ಬಸ್ ಹತ್ತಿದೆ. ಭಾನುವಾರ ಖಾಲಿ ಆದವು. ನಿಮ್ಮವ್ವ ಹ್ಯಾಂಗ ಅದಾರ?”

ತೀರಿಕೊಂಡು ನಾಲ್ಕು ವರ್ಷವಾಯಿತು ಎಂದೆ. ಅವರು ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆವತ್ತು ನೀವು ಒಂದು ಮಾತು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ನಿಮ್ಮ ಮತ ಉಳಿಯುತ್ತಿರಲಿಲ್ಲ ನಿಜ, ಆದರೆ ನನ್ನದೂ ಹೋಗುತ್ತಿತ್ತು. ನೀವೇ ಗೆಲ್ಲುತ್ತಿದ್ದಿರಿ.

“ನಿಮ್ಮವ್ವ ತುಪ್ಪ ಇಲ್ಲದ ತಿಂದು ಮುಚ್ಚಿಟ್ಟದ್ದನ್ನ ನಾ ವೋಟಿನ ಸಲುವಾಗಿ ಬಿಚ್ಚಲೇನ್ರಿ?” ಎಂದರು. “ಆಕಿಗೆ ಹೇಳಿದ್ರೇನು, ತಪ್ಪಾತು ಅಂತ?”

ಇಲ್ಲ ಎಂದೆ.

“ಮತ್ತ ಇಲ್ಲಿ ಯಾಕ ಬಂದ್ರಿ. ವಿಳಾಸ ತಪ್ಪೈತಿ.”

ಅದನ್ನು ಹೇಳುವಾಗ ಮಾತ್ರ ಅವರು ನಗಲಿಲ್ಲ. ಆಮೇಲೆ, ನಿಮ್ಮ ಅಕ್ಷರ ಚೆನ್ನಾಗಿದೆ, ಬರೆಯಿರಿ ಎಂದರು. ತಮ್ಮ ಹೆಸರು ಹಾಕಬಾರದು, ಅಮ್ಮನದು ಹಾಕಬೇಕು. ಹಾಗೇ ಮಾಡುತ್ತೇನೆ ಎಂದು ಮಾತು ಕೊಟ್ಟು, ಪುಟ್ಟು ಮುಗಿಸಿ ಬಂದೆ.

ಬರೆಯದೆ ಎರಡು ವರ್ಷ ತಳ್ಳಿದ್ದಕ್ಕೆ ಮೊಣಕಾಲು ಕಾರಣವಲ್ಲ. ಬರೆಯಬೇಕಾದರೆ ಫೋನಿನ ವಿಷಯ ಬರೆಯಬೇಕಾಗಿತ್ತು. ಆ ಯುಗಾದಿಯ ನಂತರ ಅಮ್ಮ ಊರಿನಿಂದ ಫೋನು ಮಾಡಿದಾಗಲೆಲ್ಲ ಒಂದು ಹೊಸ ಅಭ್ಯಾಸ ಶುರುವಾಗಿತ್ತು. ಮೊದಲು ಹಲೋ ಎಂದು ಕನ್ನಡದಲ್ಲಿ ಹೇಳಿ ನಿಲ್ಲುತ್ತಿದ್ದಳು. ಪಕ್ಕದಲ್ಲಿ ಯಾರಾದರೂ ಇದ್ದಾರಾ ಎಂದು ಕೇಳುತ್ತಿದ್ದಳು. ಇದ್ದಾರೆ ಎಂದರೆ ಚೆನ್ನಾಗಿದ್ದೀಯಾ, ಸರಿ ಎಂದು ಕನ್ನಡದಲ್ಲೇ ಇಟ್ಟುಬಿಡುತ್ತಿದ್ದಳು. ಯಾರೂ ಇಲ್ಲ ಎಂದರೆ ಮಾತ್ರ, ಅನ್ನಂ ತಿನ್ನಾವಾ ನಾಯನಾ, ಊಟ ಮಾಡಿದೆಯಾ ಮಗನೇ, ಎಂದು ಶುರುಮಾಡುತ್ತಿದ್ದಳು. ಎಂಟು ವರ್ಷ ಹಾಗೆ ನಡೆಯಿತು. ಯಾರಿದ್ದರೇನು, ಮಾತಾಡಮ್ಮಾ ಎಂದು ನಾನು ಒಂದು ಸಲವೂ ಹೇಳಲಿಲ್ಲ. ಕೆಲವು ಸಲ, ಪಕ್ಕದಲ್ಲಿ ಯಾರೂ ಇಲ್ಲದಾಗಲೂ, ಇದ್ದಾರೆ ಎಂದಿದ್ದೇನೆ.

ಅವಳು ನನ್ನ ತಾಯಿ. ಅವಳ ಮಾತು ತೆಲುಗು. ಅವಳಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಅವಳ ಹೆಸರು ನರಸಮ್ಮ.